ಮಂತ್ರಿಯ ಮಗಳು ಬರೆಸಿದ ಹಾಳೆ

ಇನೋಸೆಂಟ್ ಮಿನೇಜಸ್ ನೈರೋಬಿಯ ಒಬ್ಬ ವಕೀಲರ ಬಳಿ ನಲವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಅದೇ ಊರಿನ ಪಂಗಾನಿ ಬಡಾವಣೆಯ ಒಂದು ಕೋಣೆಯಲ್ಲಿ ಉಳಿದರು. ಭಾನುವಾರ ಇಗರ್ಜಿಗೆ ಹೋಗಿ ಬಂದರೆ ಮುಂದಿನ ಭಾನುವಾರದವರೆಗೆ ಯಾರೊಡನೆಯೂ ನಾಲ್ಕು ಮಾತು ಆಡುವ ಪ್ರಸಂಗ ಬರುತ್ತಿರಲಿಲ್ಲ.

2013ರಲ್ಲಿ ಪಾದ್ರಿಗಳು ಒಂದು ಕೆಲಸ ಹೇಳಿದರು. ಸಿರಿವಂತರ ಬಡಾವಣೆಯಾದ ಮುಥೈಗಾದಲ್ಲಿ ಇಲಿಂಕಾ ಎಂಬ ಎಂಬತ್ತೆರಡರ ವಿಧವೆ ಇದ್ದರು. ರೊಮೇನಿಯಾದ ಹಳೆಯ ಜಮೀನ್ದಾರಿ ಮನೆತನದವರು. ತಂದೆ ರಾಜನ ಕಾಲದಲ್ಲಿ ಕೃಷಿ ಮಂತ್ರಿ. ಮನೆತನದ ಕಥೆ ಬರೆಸಬೇಕೆಂದು ಅವರ ಆಸೆ. ವಾರಕ್ಕೆ ಮೂರು ದಿನ ಅವರು ಹೇಳುವರು, ಇನೋಸೆಂಟ್ ಟೈಪ್ ಮಾಡುವರು. ಅಜ್ಜನ ಬೇಟೆ, ಸಂಸತ್ತಿನ ಜಗಳ, ಔತಣಗಳು. ಹೀಗೇ ಒಂದು ವರ್ಷ ಕಳೆಯಿತು.

ಒಂದು ದಿನ ಇಲಿಂಕಾ ಕಿಟಕಿಯ ಕಡೆ ತಿರುಗಿ ಕೂತರು.

“ರಾಜ ಹೋಗಿ ಕಮ್ಯುನಿಸ್ಟರ ಹೊಸ ಸರಕಾರ ಬಂದು ತಂದೆಯನ್ನು ಹಿಡಿದುಕೊಂಡು ಹೋದಾಗ ನನಗೆ ಹತ್ತೊಂಬತ್ತು. ಕಾಲೇಜಿನಲ್ಲಿ ಉಳಿಯಬೇಕಾದರೆ ಬರೆದುಕೊಡು ಅಂದರು. ಬರೆದುಕೊಟ್ಟೆ. ‘ಈ ಜನದ್ರೋಹಿಗೂ ನನಗೂ ಸಂಬಂಧವಿಲ್ಲ’ ಅಂತ.”

ಇನೋಸೆಂಟರ ಕೈ ನಿಂತಿತು. “ಆಮೇಲೆ ಅವರನ್ನು ನೋಡಿದಿರಾ?”

“ಇಲ್ಲ. ಎರಡು ವರ್ಷಕ್ಕೆ ಜೈಲಿನಲ್ಲೇ ತೀರಿಕೊಂಡರು. ಆ ಕಾಗದ ಅವರಿಗೆ ತೋರಿಸಿದರೋ ಏನೋ, ಇವತ್ತಿಗೂ ಗೊತ್ತಿಲ್ಲ. ಟೈಪ್ ಮಾಡಿ.”

ಮಾಡಿದರು. ಮುಂದಿನ ಸಲ ಹೋದಾಗ ಇಲಿಂಕಾ, “ಆ ಹಾಳೆ ಹರಿದುಹಾಕಿ” ಎಂದರು.

“ನಿಮ್ಮ ಹಾಳೆ, ನೀವೇ ಹರಿಯಿರಿ ಮೇಡಂ. ನನ್ನಿಂದ ಆಗುವುದಿಲ್ಲ.”

ಇಲಿಂಕಾ ಹಾಳೆಯನ್ನು ಕೈಗೆ ತೆಗೆದುಕೊಂಡು ಅವರಿಗೇ ಮರಳಿ ಕೊಟ್ಟರು. ಓದಿ ಹೇಳಲು ಕೇಳಿದರು. ಇನ್ನೊಮ್ಮೆ ಓದಿಸಿದರು. ಕಡೆಗೆ, “ಇರಲಿ” ಎಂದರು.

2016ರಲ್ಲಿ ಇಲಿಂಕಾ ತೀರಿಕೊಂಡರು. ಬುಕಾರೆಸ್ಟಿನಿಂದ ಬಂದ ಸೋದರಳಿಯ ಕಾಗದಗಳನ್ನು ತಿರುವುತ್ತ ಆ ಹಾಳೆಯನ್ನು ಎತ್ತಿ ಪಕ್ಕಕ್ಕಿಟ್ಟ.

“ಇದು ಬೇಡ. ಅತ್ತೆಗೆ ಕೊನೆಗಾಲದಲ್ಲಿ ಮರೆವು.”

“ಮರೆವಿರಲಿಲ್ಲ. ಮರೆಯಲಿಕ್ಕೆ ಆಗದೆ ಅಲ್ಲವಾ ಬರೆಸಿದ್ದು?” ಎಂದರು ಇನೋಸೆಂಟ್.

“ನೀವು ಮನೆಯವರಲ್ಲ” ಎಂದ ಅವನು. ಇನೋಸೆಂಟ್ ಟೋಪಿ ತೆಗೆದುಕೊಂಡು ಹೊರಬಂದರು.

ಎರಡು ವರ್ಷದ ಮೇಲೆ, ಸೋದರಳಿಯ ಅಚ್ಚು ಹಾಕಿಸಿದ ಪುಸ್ತಕ ಅಂಚೆಯಲ್ಲಿ ಬಂತು. ದಪ್ಪ ರಟ್ಟು, ಮುಖಪುಟದಲ್ಲಿ ಮಂತ್ರಿಯ ಚಿತ್ರ. ಆ ಹಾಳೆಯ ಮಾತು ಎಲ್ಲೂ ಇರಲಿಲ್ಲ. ಇನೋಸೆಂಟರಿಗೆ ಅದು ಅಕ್ಷರ ಬಿಡದೆ ನೆನಪಿತ್ತು. ತಮ್ಮ ಹಳೆಯ ಯಂತ್ರದ ಮುಂದೆ ಕೂತರು.

ಸದ್ದು ಕೇಳಿ ಪಕ್ಕದ ಮನೆಯ ಅಂಬುಜಾ ಇಣುಕಿದಳು. ಬ್ಯಾಂಕಿನ ಕೆಲಸಕ್ಕೆ ಬೆಂಗಳೂರಿನಿಂದ ಬಂದವಳು. “ಏನ್ ಅಂಕಲ್, ಮತ್ತೆ ಕೆಲ್ಸ ಸಿಕ್ತಾ?”

“ಇಲ್ಲ ಮಾರಾಯ್ತಿ, ಒಂದು ಹಾಳೆ ಬಾಕಿ ಉಂಟು. ಬಾ, ಓದಿ ಹೇಳ್ತೇನೆ.”

“ಅಯ್ಯೋ, ಆಫೀಸ್‌ಗೆ ಲೇಟಾಯ್ತು. ಸಂಜೆ ಬರ್ತೀನಿ.”

ಸಂಜೆ ಅವಳು ಬರಲಿಲ್ಲ. ಇನೋಸೆಂಟ್ ಹಾಳೆಯನ್ನು ಪುಸ್ತಕದಲ್ಲಿ ಅದರ ಜಾಗದಲ್ಲೇ ಅಂಟಿಸಿ, ಮರುದಿನ ಪೇಟೆಯ ಗ್ರಂಥಾಲಯಕ್ಕೆ ಕೊಟ್ಟರು.

“ಇದನ್ನು ಬರೆದವರು ನಿಮಗೇನಾಗಬೇಕು?” ಎಂದು ಕೇಳಿದಳು ಅಲ್ಲಿಯ ಹೆಂಗಸು.

“ನಾನು ಅವರ ಟೈಪಿಸ್ಟ್” ಎಂದು ಹೇಳಿ, ಪಂಗಾನಿಗೆ ಹೋಗುವ ಮಟಾಟು ವ್ಯಾನ್ ಹಿಡಿಯಲು ಹೊರಟರು.