ಕೋಟಿಯ ಮೇಲೊಂದು

ದೊಡ್ಡ ಸಂಖ್ಯೆ ಕಂಡರೆ ನನಗೆ ಕೈ ತುರಿಸುತ್ತದೆ. ಯಾವುದರಿಂದ ಭಾಗಿಸಿದರೆ ಅದು ಶೇಷವಿಲ್ಲದೆ ಒಡೆಯುತ್ತದೆ ಎಂದು ತಿಳಿಯುವ ತನಕ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಈ ರೋಗದಿಂದಲೇ ಅವಳು ನನ್ನ ಕೈತಪ್ಪಿ ಹೋಗುವುದರಲ್ಲಿದ್ದಳು.

ಆಗ ನಿಜಾಮರ ಕಾಲ. ನಾನು ಚಿತ್ತಾಪುರದ ಶಾಲೆಯಲ್ಲಿ ಹಿಸಾಬಿನ ಮಾಸ್ತರ. ಉರ್ದುವಿನಲ್ಲಿ ಕಲಿಸಿ ಕನ್ನಡದಲ್ಲಿ ಬೈಯುತ್ತಿದ್ದೆ. ಹೆಣ್ಣು ನೋಡಲು ಕಾಕಾನ ಜೊತೆ ಶಹಾಬಾದಕ್ಕೆ ಹೋದೆ. ಹೆಣ್ಣಿನ ತಂದೆ ಶರಣಪ್ಪನವರದು ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರ. ಮನೆಯ ಪಡಸಾಲೆಗೂ ನುಣುಪಾದ ಫರಸಿ. ಸುಸಲಾ ಬಂತು, ಚಹಾ ಬಂತು. ಚಹಾ ಕೊಟ್ಟ ಹುಡುಗಿ ತುಟಿಯಂಚಿನಲ್ಲಿ ನಕ್ಕಳು. ನನ್ನ ಮಟ್ಟಿಗೆ ಮದುವೆ ಅಲ್ಲಿಗೇ ಮುಗಿದಿತ್ತು.

ನಮ್ಮಲ್ಲಿ ಶುಭಕಾರ್ಯಕ್ಕೆ ಹತ್ತು ಕೊಡುವುದಿಲ್ಲ, ಹನ್ನೊಂದು ಕೊಡುತ್ತೇವೆ; ನೂರಲ್ಲ, ನೂರಾ ಒಂದು. ಮೇಲೊಂದು ಇಟ್ಟರೆ ಸಂಬಂಧ ಒಡೆಯುವುದಿಲ್ಲವೆಂದು ನಂಬಿಕೆ. ಹನ್ನೊಂದು, ನೂರಾ ಒಂದು ನಿಜಕ್ಕೂ ಯಾರಿಗೂ ಬಗ್ಗದ ಅವಿಭಾಜ್ಯಗಳೇ. ಸಾವಿರದ ಒಂದಕ್ಕೆ ಬಂದರೆ ನಂಬಿಕೆಯ ಮಾನ ಹೋಗುತ್ತದೆ: ಏಳು, ಹನ್ನೊಂದು, ಹದಿಮೂರು, ಈ ಮೂರೂ ಅದನ್ನು ಒಡೆಯುತ್ತವೆ. ಪಾಪ, ಶರಣಪ್ಪನವರು ಅಷ್ಟು ದೂರ ನೋಡಿರಲಿಲ್ಲ. ಮಗಳ ಮದುವೆಗೆ ಒಂದು ಕೋಟಿಯ ಒಂದು ಸಲ ಶಿವನಾಮ ಬರೆಸುವ ಹರಕೆ ತಮ್ಮದೆಂದೂ, ಆ ಸಂಖ್ಯೆಯನ್ನು ಯಾರಪ್ಪನೂ ಒಡೆಯಲಾರನೆಂದೂ ಹೆಮ್ಮೆಯಿಂದ ಹೇಳಿದರು.

ನನ್ನ ಕೈ ತುರಿಸಿತು. ಒಂದು ಬಿಟ್ಟು ಒಂದು ಅಂಕಿ ಕೂಡಿಸಿದೆ. ಎರಡೂ ಕಡೆ ಒಂದೊಂದೇ ಬಂತು; ಹೀಗೆ ಸರಿಸಮ ಬಂದರೆ ಹನ್ನೊಂದರಿಂದ ಭಾಗ ಹೋಗುತ್ತದೆ. ಕಾಕಾ ತೊಡೆ ಚಿವುಟುವಷ್ಟರಲ್ಲಿ, ಹನ್ನೊಂದರಿಂದ ಒಡೆಯುತ್ತದೆ ಎಂದು ಬಾಯಿ ಬಿಟ್ಟಾಗಿತ್ತು.

ಶರಣಪ್ಪನವರ ಮುಖ ಕಪ್ಪಿಟ್ಟಿತು. “ಶುಭ ಮಾತಿನ್ಯಾಗ ನನ್ನ ಅಂಕಿ ಒಡದ್ರಿ. ಇಂಥಾ ಕೈಯಾಗ ಮಗಳನ್ನ ಹ್ಯಾಂಗ ಕೊಡ್ಲಿ?”

ಹುಡುಗಿಯ ಬಳೆ ಬಾಗಿಲ ಹಿಂದೆ ಸದ್ದು ಮಾಡಿತು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಭಾಗಿಸಿ ಹನ್ನೊಂದನ್ನು ಹೊರಗೆ ಹಾಕಿದರೆ ಒಳಗುಳಿಯುವುದು ಒಂಬತ್ತು ಲಕ್ಷ ಒಂಬತ್ತು ಸಾವಿರದ ತೊಂಬತ್ತೊಂದು. ಅದು ಮಾತ್ರ ಯಾವುದಕ್ಕೂ ಒಡೆಯುವುದಿಲ್ಲ, ಗಟ್ಟಿ ಸಂಬಂಧದ ಗುಟ್ಟು ಅದೇ ಎಂದುಬಿಟ್ಟೆ. ನಿಮ್ಮಾಣೆ, ನನಗೆ ಗೊತ್ತಿರಲಿಲ್ಲ. ಬರೀ ಬುರುಡೆ.

“ಯುಗಾದಿ ತನಕ ನಾನೂ ನೋಡ್ತೀನಿ,” ಎಂದರು ಅವರು. “ಅದು ಒಡದ್ರ ಈ ಸಂಬಂಧನೂ ಒಡದಂಗ.”

ಆಮೇಲೆ ನನ್ನ ಗತಿ ಏನು ಕೇಳುತ್ತೀರಿ? ದಿನಾ ಸಂಜೆ ಶರಣಪ್ಪನವರು ಸುಣ್ಣದ ತುಂಡು ಹಿಡಿದು ಪಡಸಾಲೆಯ ಫರಸಿಯ ಮೇಲೆ ಭಾಗಾಕಾರ ಹಾಕುತ್ತಾರೆಂದು ಕಾಕಾ ಸುದ್ದಿ ತಂದ. ಏಳರಿಂದ ಹೋಗಲಿಲ್ಲವಂತೆ, ಹದಿಮೂರರಿಂದ ಹೋಗಲಿಲ್ಲವಂತೆ, ಹದಿನೇಳು ಹಿಡಿದಿದ್ದಾರಂತೆ. ನಾನೂ ಒಮ್ಮೆ ಹಲಗೆ ಹಿಡಿದು ಕೂತೆ. ಒಡೆದುಬಿಟ್ಟರೆ ಎಂಬ ಹೆದರಿಕೆಗೆ ಎದ್ದೆ. ಜನ್ಮದಲ್ಲಿ ನನ್ನ ಕೈ ತುರಿಸದ ಸಂಖ್ಯೆ ಅದೊಂದೇ.

ಯುಗಾದಿ ಮುಗಿದ ಮರುದಿನ ಶರಣಪ್ಪನವರೇ ಚಿತ್ತಾಪುರಕ್ಕೆ ಬಂದರು. ಸೊರಗಿದ್ದರು. ಒಡೆಯಲಿಲ್ಲ, ಮುಹೂರ್ತ ನೋಡಿಸಿರಿ ಎಂದರು. ನನ್ನ ಬುರುಡೆ ನಿಜವಾಯಿತೆಂದು ನಾನು ತಿಂಗಳುಗಟ್ಟಲೆ ಬೀಗಿದೆ.

ಮದುವೆಯಾದ ಮೇಲೆ ಒಂದು ದಿನ ಹೆಂಡತಿಯ ಮುಂದೆ ಇದೇ ಪ್ರತಾಪ ಕೊಚ್ಚುತ್ತಿದ್ದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಕ್ಕಳು. ಅದೇ ತುಟಿಯಂಚಿನ ನಗು.

“ಅಪ್ಪಾ ಹಾಕಿದ್ ಲೆಕ್ಕ ದಿನಾ ನಸುಕಿನ್ಯಾಗ ನಾನೇ ಒರಸಾಕತ್ತಿದ್ದೆ. ಎಲ್ಲಿತನ ಬಂದಿದ್ದೆ ಅಂತ ಅವರಿಗೆ ನೆಪ್ಪ ಇರ್ತಿದ್ದಿಲ್ಲ. ಮತ್ತ ಏಳರಿಂದ ಸುರು ಮಾಡ್ತಿದ್ರು.”

ಯಾಕೆ ಎಂದೆ.

“ಒಡದಿದ್ರ?” ಎಂದಳು.

ಆ ಸಂಖ್ಯೆ ಒಡೆಯುತ್ತದೋ ಇಲ್ಲವೋ ನಮ್ಮಿಬ್ಬರಿಗೂ ಇಂದಿಗೂ ಗೊತ್ತಿಲ್ಲ. ಈಗ ಕಣ್ಣು ಮಿಟುಕಿಸುವುದರಲ್ಲಿ ಹೇಳುವ ಯಂತ್ರಗಳಿವೆಯಂತೆ. ನಿಮಗೆ ಉತ್ತರ ಗೊತ್ತಿದ್ದರೆ ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ. ನಮ್ಮ ಸಂಸಾರ ಚೆನ್ನಾಗಿದೆ.