ಮೇಪಲ್ ಸಿರಪ್ಪು, ಮೆಂತ್ಯದ ಉಂಡಿ

ನನ್ನ ಮೊಮ್ಮಗಳಿಗೆ ಈಗ ಹನ್ನೊಂದು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಾಳೆ. ನಿಂತ ಖುಷಿಗೆ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಲು ಹೋಗಿ ಕುಂಡಿ ಊರಿ ಬೀಳುತ್ತಾಳೆ. ಬಿದ್ದವಳು ಅಳುವುದಿಲ್ಲ, ನನ್ನ ಮುಖ ನೋಡುತ್ತಾಳೆ. ನಾನು ನಕ್ಕರೆ ತಾನೂ ನಗುತ್ತಾಳೆ. ದಿನಕ್ಕೆ ಇಪ್ಪತ್ತು ಸಲ ಇದೇ ಆಟ, ಇಪ್ಪತ್ತೂ ಸಲ ನನಗೆ ಹೊಸದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಇಷ್ಟುದ್ದ ಬರೆಯಲು ಕುಳಿತದ್ದು ಈ ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲವೆಂದೇ. ಆದರೆ ಕೈ ತಾನಾಗಿ ಹೋಗುವುದು ಇವಳು ಹತ್ತು ದಿನದ ಕೂಸಾಗಿದ್ದಾಗಿನ ಸಂಗತಿಗೆ. ಶಹಾಬಾದದ ಒಂದು ಆಸ್ಪತ್ರೆಯ ಕೋಣೆಯಲ್ಲಿ ನಾನು ಐದು ದಿನ ಸಿಕ್ಕಿಬಿದ್ದಿದ್ದೆ.

ಮಗಳ ಚೊಚ್ಚಲ ಬಾಣಂತನ. ನಮ್ಮಲ್ಲಿ ಅದು ತವರಿನ ಹೊಣೆ. ತಾಯಿ ಕೂಸು ಇಬ್ಬರನ್ನೂ ಚೆಂದ ಮಾಡಿ ಅತ್ತೆಯ ಮನೆಗೆ ಕಳಿಸಿಕೊಡುವ ತನಕ ಏನು ಹೆಚ್ಚುಕಡಿಮೆಯಾದರೂ ತವರಿನ ಹೆಸರಿಗೇ. ವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಮೊದಲೇ ತಯಾರಿ ನಡೆಸಿದ್ದೆ. ಮೆಂತ್ಯ ಹುರಿದು, ಬೀಸಿ, ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಕೂಡಿಸಿ ಉಂಡಿ ಕಟ್ಟಿದ್ದೆ. ಸೊಂಟ ಗಟ್ಟಿಯಾಗಬೇಕು, ಎದೆಗೆ ಹಾಲು ಇಳಿಯಬೇಕು ಅಂದರೆ ಬಾಣಂತಿಗೆ ಮೆಂತ್ಯ ಬೇಕೇಬೇಕು. ಹೆರಿಗೆಯಾಗಿ ಮೂರನೇ ದಿನ ಮನೆಗೆ ಬಂದ ಮಗಳಿಗೆ ಅಂದಿನಿಂದಲೇ ಶುರು ಮಾಡಿದೆ.

ಐದನೇ ದಿನ ಚಿಂಚೋಳಿ ಕಡೆಯ ಕೊಡ್ಲಿಯಿಂದ ಬೀಗತಿ ಬಂದರು, ಮಗಳ ಅತ್ತೆ. ಕೈಯಲ್ಲಿ ದೊಡ್ಡದೊಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಅದರಲ್ಲೂ ಮೆಂತ್ಯದ ಉಂಡಿಯೇ, ನನ್ನವಕ್ಕಿಂತ ಇಮ್ಮಡಿ ದಪ್ಪ.

“ನಿಮ್ಮವು ಗೋಲಿ ಆಡೋ ಹಂಗ ಅದಾವಲ್ರಿ ಬೀಗರ,” ಎಂದರು. “ಇವನ್ನ ತಿಂದು ಹಾಲು ಹೆಂಗ ಬರಬೇಕು?”

“ಸಣ್ಣವಿದ್ರೂ ತುಪ್ಪ ನೋಡ್ರಿ. ಹಿಡದ್ರ ಕೈ ಒರಸಾಕ ಬಟ್ಟಿ ಬೇಕು,” ಎಂದೆ ನಾನು.

ಮಗಳು ಪಾಪ, ನಡುವೆ ಕುಳಿತವಳು. ಒಬ್ಬರದು ತಿಂದು ಒಬ್ಬರದು ಬಿಡುವ ಹಾಗಿಲ್ಲ. ಬೆಳಗ್ಗೆ ನನ್ನವು, ಸಂಜೆ ಅತ್ತೆಯವು. ತಿಂದಳು, ಬೆವರಿದಳು, ಹಾಲೂ ಇಳಿಯಿತು. ಕೂಸು ಗಟಗಟ ಕುಡಿದು ಮಲಗುತ್ತಿತ್ತು. ಇಬ್ಬರು ಅಜ್ಜಿಯರೂ ಒಳಗೊಳಗೇ ತಮ್ಮ ತಮ್ಮ ಉಂಡಿಯ ಪುಣ್ಯ ಎಂದುಕೊಂಡೆವು.

ಹತ್ತನೇ ದಿನ ಕೂಸಿನ ಕಣ್ಣು ಹಳದಿ ಕಂಡಿತು. ಶಹಾಬಾದಕ್ಕೆ ಒಯ್ದೆವು. ಕಾಮಾಲೆ ಸ್ವಲ್ಪವೇ ಇದೆ, ಎರಡು ದಿನ ನೀಲಿ ಬೆಳಕಿನಲ್ಲಿಡೋಣ ಎಂದರು ಮಕ್ಕಳ ಡಾಕ್ಟರ್ ಬಾಯಿಯವರು. ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಅಷ್ಟರಲ್ಲಿ ಲಂಗೋಟಿ ಬದಲಿಸುತ್ತಿದ್ದ ನರ್ಸು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಹಿಡಿದಳು. ಡಾಕ್ಟರ್ ಬಾಯಿಯವರ ಕೈಗೆ ಕೊಟ್ಟಳು. ಅವರೂ ಮೂಸಿದರು. ಅವರ ಮುಖದ ನಗು ಹೋಯಿತು.

“ಕೂಸಿಗಿ ಮನಿ ಔಷಧ ಏನರ ಕುಡಿಸೀರೇನು, ಆಯಿ?”

“ಏನೂ ಇಲ್ರಿ. ಬರೇ ತಾಯಿ ಹಾಲು.”

“ತಾಯಿಗಿ?”

“ಹೆರಿಗಿ ದವಾಖಾನ್ಯಾಗ ಬರಕೊಟ್ಟ ಗುಳಿಗಿ ಅಷ್ಟರಿ.”

ಸುಳ್ಳು ಹೇಳಲಿಲ್ಲ ನಾನು. ಉಂಡಿ ನಮಗೆ ಔಷಧವಲ್ಲ, ಊಟ. ಊಟದ ಬಗ್ಗೆ ಅವರು ಕೇಳಲಿಲ್ಲ, ನನಗೆ ಹೊಳೆಯಲೂ ಇಲ್ಲ.

ಡಾಕ್ಟರ್ ಬಾಯಿಯವರು ಮಗಳ ಮಂಚದ ಅಂಚಿಗೆ ಕುಳಿತು ನಿಧಾನ ಹೇಳಿದರು. “ಕೂಸಿನ ಉಚ್ಚಿಗಿ ಸುಟ್ಟ ಸಕ್ರಿ ವಾಸನಿ ಬರಾಕತ್ತದ. ಭಾಳ ಅಪರೂಪಕ್ಕ ಒಂದು ರೋಗ ಇರ್ತದ. ಹಾಲಿನ್ಯಾಗಿನ ಕೆಲವು ಅಂಶ ಕೂಸಿನ ಮೈಯಾಗ ಕರಗಂಗಿಲ್ಲ, ವಿಷ ಆಗಿ ತಲಿಗಿ ಏರ್ತದ. ಹೊರದೇಶದಾಗ ಮೇಪಲ್ ಸಿರಪ್ ಅಂತ ಒಂದು ಮರದ ಪಾಕ ಸಿಗ್ತದ. ಅದರ ವಾಸನಿನೇ ಬರ್ತದಂತ ರೋಗಕ್ಕೂ ಅದೇ ಹೆಸರು ಇಟ್ಟಾರ. ಇದು ಅದೇ ಅಂತ ನಾ ಹೇಳಾಕತ್ತಿಲ್ಲ. ರಕ್ತ ಹೈದರಾಬಾದಿಗಿ ಕಳಸ್ತೀವಿ. ರಿಪೋರ್ಟ್ ಬರೋತನಕ ತಾಯಿ ಹಾಲು ಬ್ಯಾಡ.”

ಮಗಳು ಎರಡೂ ಕೈ ಎದೆಗೆ ಒತ್ತಿ ಹಿಡಿದುಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ಬೀಗತಿ, “ನಮ್ಮ ಮನಿತನದಾಗ ಇಂಥಾದು ಯಾರಿಗೂ ಇಲ್ಲವ್ವಾ,” ಎಂದು ನನ್ನ ಕಡೆ ನೋಡಿದರು.

ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಬೇರೆ ಮಾತು. ಮೇಪಲ್ ಸಿರಪ್. ಆ ಕೋಣೆಯಲ್ಲಿ ಅದನ್ನು ಬಾಯಿಗೆ ಹಾಕಿಕೊಂಡವಳು ನಾನೊಬ್ಬಳೇ.

ವಾಡಿಗೆ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ನಾನು ಬಹಳ ವರ್ಷ ಅಡಿಗೆಗಿದ್ದೆ. ಹೊಸ ಭಟ್ಟಿ ಕೂಡಿಸಲು ಚಳಿದೇಶದಿಂದ ಎಂಜಿನಿಯರುಗಳು ಬಂದು ಉಳಿದರು. ಅವರಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ ಸಾಹೇಬನಿದ್ದ. ಮೈದಾ, ಹಾಲು, ತತ್ತಿ ಕಲಸಿ ದಪ್ಪನೆಯ ದೋಸೆ ಹುಯ್ಯಲು ನನಗೆ ಕಲಿಸಿದ್ದು ಅವನೇ. ಪ್ಯಾನ್‌ಕೇಕ್ ಎನ್ನುತ್ತಿದ್ದ. ಅದರ ಮೇಲೆ ಹಾಕಿಕೊಳ್ಳಲು ತನ್ನ ಊರಿಂದ ಒಂದು ಡಬ್ಬಿ ತಂದಿದ್ದ, ಮೇಲೆ ಕೆಂಪು ಎಲೆಯ ಚಿತ್ರ. ಒಂದು ದಿನ ಚಮಚೆಯಲ್ಲಿ ನನಗೂ ಕೊಟ್ಟ. ಜೇನಿನಂತೆ ಗಟ್ಟಿ ಇರುತ್ತದೆಂದು ಬಾಯಿ ತೆರೆದರೆ, ತೆಳ್ಳಗೆ ನೀರಿನ ಹಾಗೆ. ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬೆಲ್ಲದ ಸವಿ, ಹಿಂದೆಯೇ ಕಟ್ಟಿಗೆ ಹೊಗೆಯ ಒಂದು ಎಳೆ, ಮುಗಿಯಿತು. ಬಂತು, ಹೋಯಿತು. ನಾಲಿಗೆಗೆ ಅಂಟಿಕೊಳ್ಳಲೇ ಇಲ್ಲ. ಮರಕ್ಕೆ ತೂತು ಕೊರೆದು ಹನಿಹನಿ ನೀರು ಇಳಿಸಿ, ಹತ್ತಾರು ಕೊಡ ಕಾಸಿದರೆ ಒಂದು ಕೊಡ ಪಾಕವಾಗುತ್ತದೆಂದು ಮ್ಯಾನೇಜರ ಬಾಯಿಂದ ಹೇಳಿಸಿದ. ಚಿಂಚೋಳಿ ಕಡೆ ಈಚಲ ಮರಕ್ಕೆ ಗಡಿಗೆ ಕಟ್ಟುವುದನ್ನು ಕಂಡವಳು ನಾನು, ಅರ್ಥವಾಯಿತು.

ಡಬ್ಬಿ ತೀರಿದ ಮೇಲೆ ಸ್ಟೋರಿನವರು ಹೈದರಾಬಾದಿನಿಂದ ಒಂದು ಬಾಟಲಿ ತರಿಸಿದರು. ಅದೇ ಎಲೆಯ ಚಿತ್ರ, ಒಳಗೆ ಡಾಂಬರಿನಂಥ ಗಟ್ಟಿ ಪಾಕ. ಸಾಹೇಬ ಒಂದು ತುತ್ತು ತಿಂದು ಚಮಚೆ ಕೆಳಗಿಟ್ಟ. ನಾನು ಒಳಗೆ ಒಯ್ದು ಮೂಸಿದೆ. ಇದು ನನ್ನ ಮನೆಯ ವಾಸನೆಯಲ್ಲವೇ? ಮಸಾಲೆ ಡಬ್ಬಿಯಿಂದ ಮೆಂತ್ಯದ ಕಾಳು ತೆಗೆದು ಹುರಿದು, ಬಿಸಿ ಬಿಸಿ ಅಂಗೈಯಲ್ಲಿಟ್ಟು ಸಾಹೇಬನ ಮೂಗಿಗೆ ಹಿಡಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕಲಿ ಸಿರಪ್ಪಿಗೆ ವಾಸನೆ ಕಟ್ಟಲು ಬಹಳ ಕಡೆ ಈ ಕಾಳನ್ನೇ ಹಾಕುತ್ತಾರಂತೆ! ಆ ಬಾಟಲಿ ತೊಳೆದ ಕೈಯನ್ನು ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಎರಡು ದಿನ ವಾಸನೆ ಬಿಡಲಿಲ್ಲ. ಅಸಲಿಗೂ ನಕಲಿಗೂ ನಾನು ಕಂಡ ಫರಕು ಅಷ್ಟೇ: ಅಸಲಿ ಬಂದು ಹೋಗುತ್ತದೆ, ನಕಲಿ ಹಿಡಿದು ಕೂರುತ್ತದೆ.

ಇದೆಲ್ಲ ಆಸ್ಪತ್ರೆಯ ಕೋಣೆಯಲ್ಲಿ ಒಂದೇ ಉಸಿರಿಗೆ ನೆನಪಾಯಿತು. ಲಂಗೋಟಿ ಇಸಿದುಕೊಂಡು ಮೂಸಿದೆ. ಬಾಟಲಿಯ ಪಾಕವೇ. ಮೆಂತ್ಯವೇ. ತಾಯಿ ತಿಂದದ್ದು ಹಾಲಿಗಿಳಿದು, ಹಾಲಿನಿಂದ ಕೂಸಿಗಿಳಿದಿದೆ ಎಂದು ಮನಸ್ಸು ಕೂಗಿತು. ಬಾಯಿ ಮಾತ್ರ ತೆರೆಯಲಿಲ್ಲ.

ಯಾಕೆಂದರೆ ಬೀಗತಿ ಎದುರಿಗಿದ್ದರು. ಉಂಡಿಯಿಂದ ಆಯಿತು ಎಂದರೆ, ತವರವರು ತಿನ್ನಿಸಿ ಕೂಸನ್ನು ಈ ಗತಿಗೆ ತಂದರು ಎನ್ನುವುದು ಕೊಡ್ಲಿಯ ತನಕ ಹೋಗುತ್ತದೆ. ನಿಮ್ಮ ಉಂಡಿಯೂ ಇತ್ತಲ್ಲ ಎಂದರೆ ಬೀಗತಿಯ ಮೇಲೆ ಹೊರಿಸಿದಂತೆ. ನಾಳೆ ಮಗಳು ಬಾಳಬೇಕಾದದ್ದು ಅವರ ಮನೆಯಲ್ಲಿ. ಸುಮ್ಮನಿದ್ದರೆ ಕೂಸಿಗೆ ಹಾಲಿಲ್ಲ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೆ ಕಬ್ಬಿಣದ ಸರಳು, ಆಚೆಗೆ ಪರ್ಸಿ ಹಾಸುಗಲ್ಲಿನ ಕಂಪೌಂಡು. ಆ ಕಲ್ಲು ನೋಡುತ್ತ ಬೆಳಗಿನಿಂದ ಮಧ್ಯಾಹ್ನದ ತನಕ ಕುಳಿತೆ. ಗಾಜಿನ ಪೆಟ್ಟಿಗೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಸೂಜಿಯಿಂದ ಸಕ್ಕರೆ ನೀರು ಒಳಗೆ ಹೋಗುತ್ತಿತ್ತು. ಮಗಳು ಹಾಲು ಹಿಂಡಿ ಬಟ್ಟಲಿಗೆ ಬಿಟ್ಟು ನನ್ನ ಕೈಗೆ ಕೊಡುವಳು, ನಾನು ಬಚ್ಚಲಿಗೆ ಸುರಿಯುವೆನು. ಮೂರನೇ ಸಲ ಸುರಿಯಲು ಬಟ್ಟಲು ಬಗ್ಗಿಸಿದವಳು ಅರ್ಧಕ್ಕೇ ನಿಲ್ಲಿಸಿದೆ. ಯಾರ ಮಾನ ಉಳಿಸಲು ನಾನಿಲ್ಲಿ ಹಾಲು ಚೆಲ್ಲುತ್ತಿದ್ದೇನೆ ಎನಿಸಿತು. ಬಟ್ಟಲು ಅಲ್ಲೇ ಇಟ್ಟು ಡಾಕ್ಟರ್ ಬಾಯಿಯವರ ಕೋಣೆಗೆ ಹೋದೆ. ಬೀಗತಿ ಹಿಂದೆಯೇ ಬಂದರು.

ಎಲ್ಲ ಹೇಳಿದೆ. ಸಾಹೇಬ, ಡಬ್ಬಿ, ಬಾಟಲಿ, ಮೆಂತ್ಯ. ಉಂಡಿ ಎಂದು ಮಾತ್ರ ಹೇಳಿದೆ, ಯಾರ ಉಂಡಿ ಎಂದು ಹೇಳಲಿಲ್ಲ.

“ದಿನಾ ಎಷ್ಟು ತಿಂತಿದ್ಲು?”

“ನಾಕು… ಐದರಿ.”

“ಆಯಿ!” ಎಂದು ಅವರು ಹಣೆಗೆ ಕೈ ಹಚ್ಚಿದರು. ಫೋನಿನಲ್ಲಿ ಏನೋ ತೆಗೆದು ಓದಿದರು. “ಹೌದು, ಮೆಂತ್ಯ ತಿಂದ ತಾಯಂದಿರ ಕೂಸಿಗಿ ಹಿಂಗ ವಾಸನಿ ಬರೋದು ಇಲ್ಲೂ ಬರದಾರ. ನಿಮ್ಮ ಮೂಗು ಖರೇ ಇರಬಹುದು. ಆದರ ನಿಮ್ಮ ಮೂಗಿನ ಮ್ಯಾಲ ಭರೋಸಾ ಇಟ್ಟು ನಾ ಕೂಸಿನ್ನ ಬಿಡಾಕ ಬರಂಗಿಲ್ಲ.”

“ನೀವು ಆ ರೋಗದ ಕೂಸಿನ್ನ ನೋಡೀರೇನ್ರಿ?”

“ಇಲ್ಲ, ಆಯಿ. ಪುಸ್ತಕದಾಗ ಅಷ್ಟ.”

ಅಂದರೆ ಅವರು ಅಸಲಿ ರೋಗ ಕಂಡಿಲ್ಲ, ನಾನು ಕಂಡದ್ದು ನಕಲಿ ಪಾಕ ಮಾತ್ರ. ನಡುವೆ ಕೂಸು.

ಉಂಡಿ ನಿಲ್ಲಿಸಿದರು. ಇನ್ನು ವಾಸನೆ ಹೋಗುತ್ತದೋ ಇಲ್ಲವೋ ನೋಡಬೇಕೆಂದು ನಾನು ಪ್ರತಿ ಲಂಗೋಟಿ ಮೂಸತೊಡಗಿದೆ. ಆದರೆ ನನ್ನ ಸೀರೆ, ಮಗಳ ಕೂದಲು, ಕೌದಿ, ಚೀಲ, ಎಲ್ಲ ಕಡೆಯೂ ಅದೇ ಮೆಂತ್ಯ. ನಾನೇ ಕಟ್ಟಿದ ವಾಸನೆಯೊಳಗೆ ನಾನೇ ಸಿಕ್ಕಿಬಿದ್ದು ಯಾವುದು ಎಲ್ಲಿಂದ ಬರುತ್ತಿದೆ ತಿಳಿಯದಾಯಿತು. ಬೀಗತಿಯ ಕೈಗೆ ಕೊಟ್ಟು, “ನೀವು ನೋಡ್ರಿ,” ಎಂದೆ.

“ನನಗೇನ್ ತಿಳೀತದವಾ? ನಲವತ್ತು ವರ್ಷದಿಂದ ನಶ್ಯ ಏರಸಾಕತ್ತೀನಿ. ಈ ಮೂಗು ಬರೇ ಮೂಗುತಿ ಹಾಕ್ಕೊಳ್ಳಾಕ ಅದ.”

ಅಂಥ ಹೊತ್ತಿನಲ್ಲೂ ಮಗಳು ಫಕ್ಕನೆ ನಕ್ಕು, ಕೂಡಲೇ ಅತ್ತಳು.

ಮೂರನೇ ದಿನ ನರ್ಸು ಬಂದು, ವಾಸನೆ ಹೋಗಿದೆ ಎಂದಳು. ನಾನು ಎದ್ದು ನಿಂತೇ ಬಿಟ್ಟೆ. ಡಾಕ್ಟರ್ ಬಾಯಿಯವರು ಭುಜ ಹಿಡಿದು ಕೂರಿಸಿದರು. “ಉಂಡಿ ನಿಲ್ಲಿಸಿದ್ದಕ್ಕ ಹೋಗ್ಯದೋ, ಹಾಲು ನಿಲ್ಲಿಸಿದ್ದಕ್ಕ ಹೋಗ್ಯದೋ? ರೋಗ ಇದ್ರೂ ಹಾಲು ಬಂದಾದ್ರ ವಾಸನಿ ಕಮ್ಮಿ ಆಗ್ತದ, ಆಯಿ.” ಅದೂ ಖರೆಯೇ. ತೆರೆಯಿತು ಎಂದುಕೊಂಡ ಬಾಗಿಲು ಮತ್ತೆ ಮುಚ್ಚಿತು. ಅಂದಿನಿಂದ ಚಮಚೆಯಲ್ಲಿ ಅಳೆದು ಸ್ವಲ್ಪ ಸ್ವಲ್ಪ ಹಾಲು ಕೊಡಿಸಿದರು. ಕೂಸು ಚಮಚೆಯನ್ನೇ ನುಂಗುವ ಹಾಗೆ ಮಾಡುತ್ತಿತ್ತು. ತೀರಿದಾಗ ಅಳುತ್ತಿತ್ತು.

ದಿನಾ ಬೆಳಗ್ಗೆ ಆಸ್ಪತ್ರೆಯ ನಲ್ಲಿಯಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರುತ್ತಿದ್ದೆ. ಅಂಗೈಯೂ ಮೆಂತ್ಯ ನಾರುತ್ತಿತ್ತು. ಅರವತ್ತು ವರ್ಷ ನಾನು ಬೇಡಿದ್ದು ಒಂದೇ: ಯಪ್ಪಾ, ನನ್ನಿಂದ ಏನೂ ತಪ್ಪಾಗದಿರಲಿ. ಆ ಕೋಣೆಯಲ್ಲಿ ಕುಳಿತು ಬೇಡಿದ್ದು ತಿರುಗಾಮುರುಗಾ: ಯಪ್ಪಾ, ತಪ್ಪು ನನ್ನದೇ ಇರಲಿ. ನನ್ನ ಕೈ ಉಂಡಿಯೇ ಇದಕ್ಕೆಲ್ಲ ಕಾರಣವಾಗಿರಲಿ. ಊರು ಬೈಯಲಿ, ಬೀಗರು ಬೈಯಲಿ. ಕೂಸಿನ ಮೈಯಲ್ಲಿ ಏನೂ ಇಲ್ಲದಿರಲಿ.

ಐದನೇ ದಿನ ಹನ್ನೊಂದರ ಸುಮಾರಿಗೆ ಡಾಕ್ಟರ್ ಬಾಯಿಯವರು ಫೋನು ಹಿಡಿದುಕೊಂಡೇ ಒಳಗೆ ಬಂದರು. ನಡಿಗೆಯಲ್ಲೇ ನನಗೆ ಗೊತ್ತಾಯಿತು.

“ಆಯಿ, ಕೂಸಿಗಿ ಏನೂ ಇಲ್ಲ. ರಿಪೋರ್ಟ್ ಚೊಕ್ಕ ಅದ. ಎಲ್ಲಾ ತಪ್ಪು ನಿಮ್ಮ ಉಂಡೀದೇ.”

ಹೇಳುತ್ತೇನೆ, ನನ್ನ ಇಡೀ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಚೆಂದದ ಮಾತು ಹೇಳಿಲ್ಲ. ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ಅವರ ಎರಡೂ ಕೈ ಹಿಡಿದು, “ಹೌದ್ರಿ ಬಾಯೇರ, ನಂದೇ ತಪ್ಪು, ಪೂರಾ ನಂದೇ,” ಎಂದು ಅಳುತ್ತ ನಗುತ್ತ ಹೇಳುತ್ತಲೇ ಇದ್ದೆ. ಇನ್ನು ಬೀಗತಿ ಏನೆನ್ನುತ್ತಾರೋ ಎನ್ನಲಿ ಎಂದು ಆ ಕಡೆ ತಿರುಗಿದೆ.

ಬೀಗತಿಯ ಮುಖ ಕೆಂಪಾಗಿತ್ತು. “ಪೂರಾ ನಂದೇ ಅಂದ್ರ ಹೆಂಗ್ರಿ? ಬಾಯೇರ, ನನ್ನವೂ ಇದ್ವು! ಹೊತ್ತು ಮುಣಗುವಾಗ ದಿನಾ ನನ್ನವೇ ತಿಂದಾಳ, ಕೇಳ್ರಿ ಆಕಿಗಿ. ಇವರವು ಗೋಲಿ ಇದ್ದಂಗ. ಅವುಕ್ಕ ಅಷ್ಟು ವಾಸನಿ ಎಲ್ಲಿಂದ ಬರಬೇಕು?”

“ಗೋಲಿ ಇದ್ರೂ ಒಂದೊಂದಕ್ಕ ಮುಟಗಿ ಮೆಂತ್ಯ ಹಾಕೀನ್ರಿ ನಾ!”

“ನಾ ಎರಡು ಮುಟಗಿ ಹಾಕೀನಿ!”

ಡಾಕ್ಟರ್ ಬಾಯಿಯವರು ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ನರ್ಸು ಕೂಸನ್ನು ಎತ್ತಿ ತಂದು ಮಗಳ ಮಡಿಲಿಗೆ ಹಾಕಿದಳು. ಐದು ದಿನದ ಹಸಿವು, ಒಂದೇ ಸಲಕ್ಕೆ ಹುಡುಕಿ ಹಿಡಿಯಿತು.

“ಯವ್ವಾ, ಅತ್ತೀ,” ಎಂದಳು ಮಗಳು, ತಲೆ ಎತ್ತದೆ. “ಇಬ್ಬರೂ ಸುಮ್ಮ ಕುಂದ್ರಿ. ಕೂಸು ಹಾಲು ಕುಡ್ಯಾಕತ್ತದ.”

ಕುಳಿತೆವು. ಒಂದೇ ಸ್ಟೂಲಿನ ಮೇಲೆ, ಅರ್ಧ ಅರ್ಧ.