ಒಂದು ಲಕ್ಷದ ಮೂರು ಮತ್ತು ಬಿಟ್ಟುಹೋದ ಎರಡು ಗೆರೆ

ನವೆಂಬರ್ 2, ಭಾನುವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. 1,00,003ನ್ನು 2ರಿಂದ ಭಾಗಿಸಿದೆ. ಶೇಷ 1. ದಿನಚರಿಯ ಕೊನೆಯ ಹಾಳೆಯಲ್ಲಿ ಮೊದಲ ಗೆರೆ ಎಳೆದೆ.

ಹಿಂದಿನ ದಿನ ಕಲಘಟಗಿ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ಗಣಿತದ ಸರ್ ಸಿಕ್ಕಿದ್ದರು. ಆರಂಕಿಯ ಅವಿಭಾಜ್ಯಗಳಲ್ಲಿ 1,00,003 ಅತಿ ಚಿಕ್ಕದು, 1 ಮತ್ತು ತನ್ನನ್ನು ಬಿಟ್ಟು ಯಾವುದಕ್ಕೂ ಸಮನಾಗಿ ಒಡೆಯುವುದಿಲ್ಲ ಎಂದು ಮೊಬೈಲಿನಲ್ಲಿ ಓದಿದ್ದನ್ನು ಅವರಿಗೆ ಹೇಳಿದೆ.

"ಮೊಬೈಲ್ ಹೇಳಿದ್ದನ್ನ ನನಗ್ಯಾಕ ಹೇಳ್ತೀಯವಾ? ಕೈಲೆ ಮಾಡಿ ತಂದು ನಮ್ಮ ಹುಡುಗರ ಮುಂದ ಓದು."

"ಅರವತ್ತೈದು ದಿನ ಕೊಡ್ರಿ ಸರ್. ಜನವರಿ ಆರಕ್ಕ ಬರ್ತೀನ್ರಿ."

ಲೆಕ್ಕ ಸರಳ. 1,00,003 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಚಿಕ್ಕದು 316ನ್ನು ದಾಟಲಾರದು; 317ನ್ನು 317ರಿಂದಲೇ ಗುಣಿಸಿದರೆ 1,00,489 ಆಗುತ್ತದೆ. ಆದ್ದರಿಂದ 2ರಿಂದ 313ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅವು 65. ದಿನಕ್ಕೊಂದರಂತೆ ಎಲ್ಲವನ್ನೂ ತಾರೀಖಿನ ಪುಟಗಳ ತಲೆಗೆ ಮೊದಲೇ ಬರೆದಿಟ್ಟೆ.

ದಿನ ಕಳೆದಂತೆ ಈ ಸಂಖ್ಯೆಯ ಮೇಲೆ ಗೌರವ ಬೆಳೆಯಿತು. ಎರಡು ಹೆಜ್ಜೆ ಹಿಂದಿನ 1,00,001 ಹನ್ನೊಂದಕ್ಕೇ ಒಡೆಯುತ್ತದೆ. ಇದು ಮಾತ್ರ 2ಕ್ಕೂ 3ಕ್ಕೂ 7ಕ್ಕೂ ಒಂದೊಂದೇ ಶೇಷ ಉಳಿಸಿ ಪಾರಾಗುತ್ತದೆ. ಒಂದೇ ಒಂದು ಕಡಿಮೆಯಿದ್ದರೆ ಈ ಮೂರೂ ಸಂಖ್ಯೆಗಳಿಗೆ ಸಿಕ್ಕಿಬೀಳುತ್ತಿತ್ತು!

ಜನವರಿ 5ರ ಸಂಜೆ, 313ನ್ನೂ ಮುಗಿಸಿ, ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚುವ ಪಕ್ಕದ ಮನೆಯ ಕಾಕಾಗೆ ದಿನಚರಿ ತೋರಿಸಲು ಹೋದೆ. ಅವರು ತೊಟ್ಟಿಲ ಅಂಚಿಗೆ ಹೂ ಬಿಡಿಸುವುದು ಐದೈದರಂತೆ, ಐದನೆಯದು ಯಾವಾಗಲೂ ಹಳದಿ. ಭಾಗಾಕಾರದ ಕಡೆ ನೋಡದೆ ಅವರು ಕೊನೆಯ ಹಾಳೆಯಲ್ಲಿ ಐದೈದರ ಕಟ್ಟಾಗಿ ಎಳೆದಿದ್ದ ನನ್ನ ಗೆರೆಗಳನ್ನಷ್ಟೇ ನೋಡಿದರು.

"ಎಷ್ಟಂದಿ ಒಟ್ಟು?"

"ಅರವತ್ತೈದ್ರಿ ಕಾಕಾ."

"ಅರವತ್ತೈದು ಐದರಾಗ ಸಮಾ ಹೋಗಬೇಕಲ್ಲೇ ಹುಡುಗಿ. ನಿನ್ನ ಕಡೀ ಕಟ್ಟಿನ್ಯಾಗ ಮೂರಽ ಅದಾವು. ಎರಡು ಹೂ ಎಲ್ಲಿ ತಿಂದಿ?"

ಪುಟ ತಿರುವಿದೆ. ನವೆಂಬರ್ 20, ಡಿಸೆಂಬರ್ 19: ತಲೆಗೆ 67, 223 ಎಂದಿದೆ, ಕೆಳಗೆ ಖಾಲಿ. ಎರಡೂ ಅಮಾವಾಸ್ಯೆ. ಅಂದು ನಮ್ಮ ಮನೆಯಲ್ಲಿ ಯಾವ ಹೊಸ ಕೆಲಸವನ್ನೂ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ, ಮರುದಿನ ನೇರವಾಗಿ ಆ ದಿನದ ಪುಟಕ್ಕೆ ಹೋಗಿದ್ದೆ.

"ಕಾಕಾ, ಈ ಎರಡರಾಗ ಒಂದಕ್ಕ ಒಡದ್ರೂ ನಾಳೆ ನನ್ನ ಮಾತು ಹೋತ್ರಿ."

"ಇಲ್ಲೇ ಕುಂತು ಮಾಡವಾ. ಇಂದೇನ್ ಅಮಾಸಿ ಅಲ್ಲ."

ಅರಗಿನ ವಾಸನೆಯ ನಡುವೆ ಕುಳಿತು ಭಾಗಿಸಿದೆ. 67ಕ್ಕೆ ಶೇಷ 39. 223ಕ್ಕೆ ಶೇಷ 99. ಎರಡು ಗೆರೆ ಎಳೆದು ಹದಿಮೂರನೆಯ ಕಟ್ಟು ತುಂಬಿಸಿದೆ.

ಮರುದಿನ ಮಕ್ಕಳ ಮುಂದೆ ಅರವತ್ತೈದನ್ನೂ ಓದಿದೆ, ಬಿಟ್ಟುಹೋಗಿದ್ದ ಎರಡರ ಸಂಗತಿಯನ್ನೂ ಹೇಳಿದೆ. ಸರ್ ತಾವೇ ಹಲಗೆಯ ಮೇಲೆ 223ರಿಂದ ಭಾಗಿಸಿ ನೋಡಿದರು. 99 ಬಂತು. ಸೀಮೆಸುಣ್ಣ ಕೆಳಗಿಟ್ಟು ನಕ್ಕರು.

"ಮಾತು ಉಳಿಸಿಕೊಂಡೀವಾ. ಆದ್ರ ನಡುವ ಅಮಾಸಿ ಬರದಂಥಾ ಸಣ್ಣ ದಾರಿ ಇಲ್ಲೇನು?"

ನನಗೆ ಗೊತ್ತಿಲ್ಲ. ದಿನಕ್ಕೊಂದು ಭಾಗಾಕಾರದಂತೆ, ಒಂದು ಅಮಾವಾಸ್ಯೆಯಿಂದ ಇನ್ನೊಂದರೊಳಗೆ, ಬರಿಗೈಯಲ್ಲಿ ಇದನ್ನು ಸಾಧಿಸಿ ತೋರಿಸುವ ದಾರಿ ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ಕಳಿಸಿ. ಸರ್ ಕಾಯುತ್ತಿದ್ದಾರೆ.